ವಿನಯಯಂತ್ರ ಪ್ರತಿಷ್ಠಾಪನಾ ಪ್ರಸಂಗ

ಬಹಳ ಹಿಂದೆ, ಅಂದರೆ ಪೆಟ್ರೋಲು ಬಂದ ಮೇಲೆ ಮತ್ತು ಬುದ್ಧಿ ಬರುವ ಮೊದಲು, ಮರ್ಯಾದಾವತಿ ಎಂಬ ಒಂದು ರಾಜ್ಯವಿತ್ತು. ಅದು ಎಲ್ಲಿತ್ತು ಎಂದು ಓದುಗ ಮಹಾಶಯರು ಭೂಪಟ ಬಿಡಿಸಿ ಹುಡುಕಬೇಕಾಗಿಲ್ಲ. ಬೆಳಗಿನ ಕಾಫಿಯ ಜೊತೆ ಪತ್ರಿಕೆ ಓದುವ ಅಭ್ಯಾಸವಿರುವವರಿಗೆ ಯಾವ ರಾಜ್ಯವೂ ತೀರಾ ಅಪರಿಚಿತವಲ್ಲ.

ಆ ರಾಜ್ಯದಲ್ಲಿ ಚಿನ್ನದ ಗಣಿ ಇರಲಿಲ್ಲ, ಬಂದರು ಇರಲಿಲ್ಲ, ಬೇಸಿಗೆಯಲ್ಲಿ ನಲ್ಲಿಯೊಳಗೆ ನೀರೂ ಇರಲಿಲ್ಲ. ಹೇರಳವಾಗಿ ಇದ್ದದ್ದು ಬಿರುದು. ಮಹಾರಾಜ ಅಪ್ರಮೇಯ ಭೂಪತಿಗಳಿಗೆ ಅರವತ್ತು ಬಿರುದು, ಮಂತ್ರಿಗಳಿಗೆ ತಲಾ ಇಪ್ಪತ್ತೊಂದು, ಮಂತ್ರಿಗಳ ಭಾವಮೈದುನರಿಗೆ ಹನ್ನೊಂದು. ಪ್ರಜೆಗಳಿಗೆ ಮಾತ್ರ ಎಲ್ಲರಿಗೂ ಸೇರಿ ಒಂದೇ, ಅದು 'ಸದರಿ'. ಸದರಿ ನಿಂಗಯ್ಯ, ಸದರಿ ಸಾಕಮ್ಮ, ಹೀಗೆ.

ಕಿರಿಯರು ಹಿರಿಯರಿಗೆ ಏನೇ ಅರಿಕೆ ಮಾಡುವುದಿದ್ದರೂ ಮೊದಲು ಅವರ ಬಿರುದುಗಳನ್ನೆಲ್ಲ ಕ್ರಮವಾಗಿ ಹೇಳಿ ಮುಗಿಸಿ, ಆಮೇಲೆ ವಿಷಯಕ್ಕೆ ಬರಬೇಕೆಂಬುದು ಅಲ್ಲಿನ ಮೂಲ ಕಾನೂನು. ಹಿಂದಿನ ಮಹಾರಾಜರ ಜರಿಪಂಚೆಗೆ ದೀಪದ ಕುಡಿ ತಾಗಿದಾಗ ಬಳಿಯಲ್ಲಿದ್ದ ಸೇವಕ ಒಂದೂ ತಪ್ಪದಂತೆ ಐವತ್ತೆಂಟನೆಯ ಬಿರುದಿನವರೆಗೆ ಬಂದಿದ್ದ. ಆಮೇಲೆ ವಿಷಯ ಹೇಳುವ ಅಗತ್ಯ ಬೀಳಲಿಲ್ಲ. ಆ ಸೇವಕನ ವಿನಯ ನಾಲ್ಕನೆಯ ತರಗತಿಗೆ ಪಾಠವಾಗಿದೆ.

ಇಂಥ ರಾಜ್ಯದ ರಾಜಧಾನಿಯ ಹೊರವಲಯದಲ್ಲಿ ವಿಜಯಗೋಪುರದ ತಿರುವು ಎಂಬ ಜಾಗವಿತ್ತು. ಪೂರ್ವದ ಅರಸರೊಬ್ಬರು ಯುದ್ಧಕ್ಕೆಂದು ಹೊರಟು, ನೆಗಡಿಯಾಗಿ ಅಲ್ಲಿಂದಲೇ ಹಿಂತಿರುಗಿದ ನೆನಪಿಗೆ ರಸ್ತೆಯ ಅಂಚಿನಲ್ಲಿ ಕಟ್ಟಿಸಿದ ದಪ್ಪ ಗೋಪುರ ಅದು. ಅದರ ದೆಸೆಯಿಂದ ಆಚೆ ಬರುವ ಗಾಡಿ ಈಚೆಯವರಿಗೆ ಕಾಣುತ್ತಿರಲಿಲ್ಲ. ಪಾರಂಪರಿಕ ಕಟ್ಟಡವಾದ್ದರಿಂದ ಗೋಪುರವನ್ನು ಕೆಡವುವಂತಿಲ್ಲ, ರಾಜಪಥವಾದ್ದರಿಂದ ರಸ್ತೆಯನ್ನು ಸರಿಸುವಂತಿಲ್ಲ. ಹೀಗಾಗಿ ವಾರಕ್ಕೊಬ್ಬ ಬೈಕ್ ಸವಾರ ಅಲ್ಲಿ ಬೀಳುತ್ತಿದ್ದ. ಕಾರಿನ ಬಂಪರಿಗೆ ಗೀರು ಬೀಳುತ್ತಿತ್ತು, ಸವಾರನ ಮೂಳೆ ಮುರಿಯುತ್ತಿತ್ತು. ಸರ್ಕಾರಿ ವರದಿಯಲ್ಲಿ ಎರಡನ್ನೂ ಸೇರಿಸಿ 'ಅಲ್ಪ ಹಾನಿ' ಎಂದು ಬರೆಯುತ್ತಿದ್ದರು.

ತಿರುವಿನಿಂದ ಕೂಗಳತೆಯಲ್ಲಿ ಚಿಕ್ಕತಾಯಮ್ಮನ ಬೈಕ್ ಗ್ಯಾರೇಜು. ಅಪ್ಪನಿಂದ ಬಂದ ಕಸುಬು. ಕಿಕ್ಕರ್ ಹೊಡೆದ ಸದ್ದಿನಲ್ಲೇ ಗಾಡಿಯ ಕಾಯಿಲೆ ಹೇಳುವ ಹೆಂಗಸು ಎಂದು ಸುತ್ತಲ ಹತ್ತೂರಲ್ಲಿ ಹೆಸರಾದವಳು. ಗಂಡ ಜವರಪ್ಪ ಬೇಕರಿಯಿಂದ ಬನ್ನು, ಬ್ರೆಡ್ಡು ತುಂಬಿದ ತಗಡಿನ ಡಬ್ಬವನ್ನು ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಅಂಗಡಿಗಳಿಗೆ ಹಾಕುವವನು, ದಿನಕ್ಕೆ ನಾಲ್ಕು ಸಲ ಆ ತಿರುವು ದಾಟುವವನು. ಹಿಂದಿನ ವರ್ಷ ಕಾರೊಂದು ಅವನನ್ನು ಅಲ್ಲೇ ಕೆಡವಿ ಹೋಗಿತ್ತು. ಎಡಗಾಲಿಗೆ ರಾಡು ಹಾಕಿದ ಡಾಕ್ಟರು, "ಇನ್ನೊಂದು ಏಟು ಬಿದ್ರೆ ಈ ಕಾಲು ಉಳಿಯಲ್ಲಮ್ಮ, ಈಗ್ಲೇ ಹೇಳಿರ್ತೀನಿ" ಎಂದಿದ್ದರು. ಆ ಮಾತು ತಾಯಮ್ಮನ ಎದೆಯಲ್ಲಿ ಕೂತುಬಿಟ್ಟಿತ್ತು. ಗಂಡನ ಮೊಪೆಡ್ಡಿನ ಸದ್ದು ತಿರುವಿನತ್ತ ಹೋದಾಗಲೆಲ್ಲ ಅವಳ ಕೈಯ ಸ್ಪ್ಯಾನರ್ ನಿಲ್ಲುತ್ತಿತ್ತು. ಸದ್ದು ಆಚೆ ದಾಟಿತು ಎಂದು ಖಾತ್ರಿಯಾದ ಮೇಲೇ ಮತ್ತೆ ಕೆಲಸ.

ಆ ದಿಗಿಲಿನಿಂದ ಹುಟ್ಟಿದ್ದೇ ಅವಳ ಪೆಟ್ಟಿಗೆ. ರಾಜ್ಯದ ಕಾರುಗಳು ಆಗಲೇ ತಮ್ಮತಮ್ಮಲ್ಲಿ ಮಾತಾಡುವುದನ್ನು ಕಲಿತಿದ್ದವು. ಒಂದು ಕಾರು 'ನಾನು ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಈ ಕಡೆ ಬರುತ್ತಿದ್ದೇನೆ' ಎಂದು ಗಾಳಿಯಲ್ಲಿ ಅಲೆ ಕಳಿಸಿದರೆ, ಮರೆಯಲ್ಲಿದ್ದ ಇನ್ನೊಂದು ಕಾರಿನೊಳಗೆ ಕೆಂಪುದೀಪ ಉರಿದು ಚಾಲಕ ಬ್ರೇಕು ಒತ್ತುತ್ತಿದ್ದ. ಬೈಕುಗಳನ್ನು ಮಾತ್ರ ಯಾರೂ ಆ ಮಾತುಕತೆಗೆ ಸೇರಿಸಿಕೊಂಡಿರಲಿಲ್ಲ. ತಾಯಮ್ಮ ಗುಜರಿಗೆ ಬಂದ ಕಾರೊಂದರಿಂದ ಅಲೆ ಕಳಿಸುವ ಪೆಟ್ಟಿಗೆಯನ್ನು ಬಿಚ್ಚಿ ಮೊಪೆಡ್ಡಿಗೆ ಒಗ್ಗಿಸಲು ಕೂತಳು. ಅದೇನು ಬಾಯಲ್ಲಿ ಹೇಳಿದಷ್ಟು ಸಲೀಸೇ? ಬೈಕು ತಿರುವಿನಲ್ಲಿ ವಾಲಿದರೆ ಸಾಕು, ಕಾರಿನಲ್ಲಿ ಹುಟ್ಟಿ ಬೆಳೆದ ಆ ಪೆಟ್ಟಿಗೆ ಗಾಡಿ ಮಗುಚಿಕೊಂಡಿತೆಂದು ಬೊಬ್ಬೆ ಹೊಡೆಯುತ್ತಿತ್ತು. ವಾಲುವುದು ಬೇರೆ, ಬೀಳುವುದು ಬೇರೆ ಎಂದು ಅದಕ್ಕೆ ಕಲಿಸಲು ಎರಡು ತಿಂಗಳು ಹಿಡಿಯಿತು. ಮುಂದಕ್ಕೆ ಹೋಗುವ ಅಲೆಗೆ ಜವರಪ್ಪನ ಹೊಟ್ಟೆ ಅಡ್ಡ, ಹಿಂದಕ್ಕೆ ಹೋಗುವುದಕ್ಕೆ ಬನ್ನಿನ ಡಬ್ಬ ಅಡ್ಡ. ಅದಕ್ಕಾಗಿ ಮುಂದೊಂದು, ಹಿಂದೊಂದು ಆಂಟೆನಾ ಕೂರಿಸಿದಳು. ಸವಾರ ರಸ್ತೆಯ ಗುಂಡಿ ನೋಡಿಕೊಂಡು ಓಡಿಸುತ್ತಾನೋ, ದೀಪ ನೋಡಿಕೊಂಡು ಓಡಿಸುತ್ತಾನೋ ಎಂದು ಯೋಚಿಸಿ, ದೀಪ ತೆಗೆದುಹಾಕಿ ಹ್ಯಾಂಡಲ್ಲೇ ಗುರ್ ಎಂದು ನಡುಗುವಂತೆ ಮಾಡಿದಳು.

"ಏನಮ್ಮಿ ಇದು, ಕೈಯೆಲ್ಲ ಜುಮ್ಮಂತದೆ" ಎಂದ ಜವರಪ್ಪ ಮೊದಲ ದಿನ.

"ಜುಮ್ಮಂದ್ರೆ ನಿಂತ್ಕೊ. ಆಚೆಯಿಂದ ಕಾರು ಬತ್ತಾ ಅದೆ ಅಂತ. ಕಾರಿನವನಿಗೂ ಅದೇ ಹೊತ್ಗೆ ಕೆಂಪುದೀಪ ಹತ್ಕತದೆ."

"ಇಬ್ರೂ ನಿಂತ್ಕೊಂಡ್ರೆ ಯಾರು ಮೊದ್ಲು ಹೋಗಾದು?"

"ಯಾರಾದ್ರೂ ಹೋಗ್ಲಿ. ಕಾಲು ಜೊತೇಲಿ ಹೋದ್ರೆ ಸಾಕು."

ನಲವತ್ತು ಬೈಕುಗಳಿಗೆ ಪೆಟ್ಟಿಗೆ ಕೂತಿತು. ನಾಲ್ಕು ತಿಂಗಳು ಆ ತಿರುವಿನಲ್ಲಿ ಒಬ್ಬನೂ ಬೀಳಲಿಲ್ಲ. ಈ ಸುದ್ದಿ ಅರಮನೆಗೆ ಮುಟ್ಟಿದ್ದು ಸಂಚಾರ ಇಲಾಖೆಯಿಂದಲ್ಲ, ಮೂಳೆ ಕಟ್ಟುವ ಪಂಡಿತರೊಬ್ಬರ ಮನವಿಯಿಂದ. ಮೂರು ತಲೆಮಾರಿನಿಂದ ಆ ತಿರುವನ್ನೇ ನಂಬಿಕೊಂಡಿದ್ದ ತಮ್ಮ ಮನೆತನ ಬೀದಿಗೆ ಬಿದ್ದಿದೆಯೆಂದೂ, ಪರಿಹಾರ ಕೊಡಿಸಬೇಕೆಂದೂ ಅವರು ಬರೆದುಕೊಂಡಿದ್ದರು. ಮಹಾರಾಜರು ವಿಚಾರಿಸಿದರು. ಸಂಚಾರ ಮಂತ್ರಿ ದಂಡಾಯುಧಯ್ಯನವರು ಅಂದೇ ಮಧ್ಯಾಹ್ನ ಆ ಪೆಟ್ಟಿಗೆಯನ್ನು ತಮ್ಮ ಇಲಾಖೆಯ ಫ್ಲ್ಯಾಗ್‌ಶಿಪ್ ಯೋಜನೆ ಎಂದು ಘೋಷಿಸಿದರು.

ಪ್ರಾತ್ಯಕ್ಷಿಕೆಗೆ ದಿನ ಗೊತ್ತಾಯಿತು. ಅರಮನೆಯ ಅಂಗಳದಲ್ಲಿ ಒಂದು ಕಡೆಯಿಂದ ಮಹಾರಾಜರ ಕಾರು, ಇನ್ನೊಂದು ಕಡೆಯಿಂದ ಜವರಪ್ಪನ ಮೊಪೆಡ್ಡು, ನಡುವೆ ಮರೆಗೆ ಕಟ್ಟಿದ ಒಂದು ಜಮಖಾನ. ಮೊಪೆಡ್ಡು ಹೊರಟಿತು. ಮಹಾರಾಜರ ಕಾರಿನಲ್ಲಿ ಕೆಂಪುದೀಪ ಉರಿದು 'ಪೀಂ' ಎಂದಿತು. ಕಾರು ನಿಂತಿತು, ಮೊಪೆಡ್ಡೂ ನಿಂತಿತು. ಯಾರೂ ಸಾಯಲಿಲ್ಲ. ತಾಯಮ್ಮ ನಿಟ್ಟುಸಿರು ಬಿಟ್ಟಳು.

ಮಹಾರಾಜರು ಗಾಜು ಇಳಿಸಿ ಕೇಳಿದರು. "ಮಂತ್ರಿವರ್ಯ, ಈಗ ನಮ್ಮ ವಾಹನವನ್ನು ಮಾತನಾಡಿಸಿದವರು ಯಾರು?"

"ಮೊಪೆಡ್ಡು, ಮಹಾಪ್ರಭು."

"ಏನೆಂದು ಸಂಬೋಧಿಸಿತು?"

ಮಂತ್ರಿಗಳು ತಾಯಮ್ಮನ ಕಡೆ ನೋಡಿದರು, ತಾಯಮ್ಮ ಪೆಟ್ಟಿಗೆಯ ಕಡೆ ನೋಡಿದಳು. ಅರಮನೆಯ ಬಿರುದಾಧಿಕಾರಿ ವಾಗೀಶಪ್ಪನವರು ಕಾರಿನೊಳಗೆ ತಲೆ ಹಾಕಿ ಯಂತ್ರಕ್ಕೆ ಕಿವಿಗೊಟ್ಟು, ಹೊರಬಂದು, ಕರವಸ್ತ್ರದಿಂದ ಹಣೆ ಒರೆಸಿಕೊಂಡರು. "ಅರವತ್ತು ಬಿರುದುಗಳಲ್ಲಿ ಒಂದನ್ನೂ ಹೇಳಿಲ್ಲ, ಮಹಾಪ್ರಭು. ಬರಿದೇ ಪೀಂ ಅಂದಿದೆ."

"ಪೀಂ?" ಎಂದರು ಮಹಾರಾಜರು, ಬಹಳ ನೊಂದ ದನಿಯಲ್ಲಿ.

ತಾಯಮ್ಮ ಕೈಮುಗಿದು ಮುಂದೆ ಬಂದಳು. ಮಹಾರಾಜರನ್ನು ನೇರವಾಗಿ ಮಾತಾಡಿಸಬೇಕಾದರೆ ಅರವತ್ತೂ ಬಾಯಿಪಾಠ ಬರಬೇಕು, ಅವಳಿಗೆ ಬರುತ್ತಿರಲಿಲ್ಲ. ಬಿರುದಾಧಿಕಾರಿಗಳಿಗಾದರೆ ಒಂಬತ್ತೇ. ಅವನ್ನು ತಡವರಿಸುತ್ತ ಮುಗಿಸಿ ಹೇಳಿದಳು. "ಬುದ್ಧೀ, ಅದು ಮಾತಲ್ಲ, ಎಚ್ಚರ. ಮಗ ಬಾವಿಗೆ ಬಗ್ಗವ್ನೆ ಅಂದ್ರೆ ಹೆಸರು ಹಿಡ್ದು ಕೂಗ್ತೀವಾ? ಹೋಯ್ ಅಂತೀವಿ. ಇದೂ ಹಂಗೇ."

"ಎಚ್ಚರವನ್ನೇ ವಿನಯದಿಂದ ಹೇಳಲು ಏನು ತೊಂದರೆ, ತಾಯಿ?" ವಾಗೀಶಪ್ಪನವರು ದುಷ್ಟರಲ್ಲ. ನಿಜಕ್ಕೂ ತಿಳಿಯದೆ ಕೇಳಿದರು.

"ಹೊತ್ತು ಇರಲ್ಲ, ಬುದ್ಧಿ. ಪೆಟ್ಟಿಗೆಗೆ ಕಾರು ಗೊತ್ತಾಗಾದು ಮುನ್ನೂರು ಗಜದಿಂದ. ಅಷ್ಟು ದೂರ ಬರಕ್ಕೆ ಕಾರಿಗೆ ಹದಿನೆಂಟು ಸೆಕೆಂಡು ಸಾಕು."

ವಾಗೀಶಪ್ಪನವರು ಮಂತ್ರಿಗಳ ಇಪ್ಪತ್ತೊಂದು ಬಿರುದನ್ನು ಗಡಿಯಾರ ಹಿಡಿದು ಹೇಳಿ ನೋಡಿದರು. ಇಪ್ಪತ್ತೆಂಟು ಸೆಕೆಂಡು ಬಂತು. ಮಹಾರಾಜರ ಅರವತ್ತನ್ನು ಹೇಳಲು ಹೋಗಿ ನಡುವೆ ನೀರು ಕುಡಿದರು. ತಾಯಮ್ಮನ ಮುಖದಲ್ಲಿ ಆಸೆ ಮೂಡಿತು. ಲೆಕ್ಕ ಕಣ್ಣೆದುರಿಗೇ ಇತ್ತಲ್ಲ.

"ಅರ್ಥವಾಯಿತು" ಎಂದರು ದಂಡಾಯುಧಯ್ಯನವರು. "ಇದು ಟೆಕ್ನಾಲಜಿಯ ಸಮಸ್ಯೆ ಅಲ್ಲ, ಮೈಂಡ್‌ಸೆಟ್ಟಿನ ಸಮಸ್ಯೆ. ಸವಾರರಿಗೆ ಆತುರ ಜಾಸ್ತಿ. ಒಂದು ಸಮಿತಿ ಮಾಡೋಣ."

ಸಮಿತಿಯಲ್ಲಿ ಹದಿಮೂರು ಜನರಿದ್ದರು. ಅವರಲ್ಲಿ ಬೈಕು ಓಡಿಸಿದವರು ಯಾರೂ ಇರಲಿಲ್ಲ. ಒಬ್ಬರು ಚಿಕ್ಕಂದಿನಲ್ಲಿ ಹಿಂದೆ ಕೂತಿದ್ದರಂತೆ, ಅವರನ್ನೇ ವಿಷಯತಜ್ಞರೆಂದು ಕರೆದರು. ಸಮಿತಿ ಆರು ತಿಂಗಳು ಸ್ಟೇಕ್‌ಹೋಲ್ಡರುಗಳ ಜೊತೆ ಭೋಜನ ಮಾಡಿ 'ವಾಹನ ಸಂವಾದ ಶಿಷ್ಟಾಚಾರ ಸಂಹಿತೆ'ಯನ್ನು ಹೊರತಂದಿತು. ಅದರ ಪ್ರಕಾರ ಕಾರು ತನ್ನ ಒಡೆಯರ ಬಿರುದುಗಳಿಗೆ ವಾರಸುದಾರ. ದ್ವಿಚಕ್ರ ವಾಹನದ ಪೆಟ್ಟಿಗೆ ಎದುರಿನ ಕಾರನ್ನು ಗುರುತಿಸಿದೊಡನೆ, ಅರಮನೆಯ ಗಾಯಕರು ಹಾಡಿಕೊಟ್ಟ ಧ್ವನಿಮುದ್ರಿಕೆಯಲ್ಲಿ ಆ ಒಡೆಯರ ಬಿರುದಾವಳಿಯನ್ನು ಕಾರಿನೊಳಗೆ ಕೇಳಿಸತಕ್ಕದ್ದು. ಅದು ಮುಗಿದ ಬಳಿಕ 'ಸದರಿ ಮೊಪೆಡ್ಡು ಬರುತ್ತಿದೆ, ದಯಮಾಡಿ ಪರಾಂಬರಿಸಬೇಕು' ಎಂದು ಅರಿಕೆ ಮಾಡತಕ್ಕದ್ದು. ಹಿರಿಯರಿಗೆ ತಿಳಿಯುವ ಮೊದಲು ಕಿರಿಯರಿಗೆ ತಿಳಿಯುವುದು ಉದ್ಧಟತನವಾದ್ದರಿಂದ, ಅಲ್ಲಿಯವರೆಗೆ ಸವಾರನ ಹ್ಯಾಂಡಲ್ಲು ನಡುಗತಕ್ಕದ್ದಲ್ಲ. ಬಿರುದಿಲ್ಲದೆ ಬಂದ ಸಂದೇಶವನ್ನು ಕಾರುಗಳು ಸ್ವೀಕರಿಸತಕ್ಕದ್ದಲ್ಲ.

ಪೆಟ್ಟಿಗೆಗೆ ವಿನಯಯಂತ್ರ ಎಂದು ನಾಮಕರಣವಾಯಿತು. ರಾಜ್ಯದ ಪ್ರತಿಯೊಂದು ಬೈಕಿಗೂ ಅದು ಕಡ್ಡಾಯ. ಮಹಾರಾಜರು ಮೊದಲ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೊಪೆಡ್ಡಿನ ಚಕ್ರದಿಂದ ನಿಂಬೆಹಣ್ಣು ತುಳಿಸಿ ಲೋಕಾರ್ಪಣೆ ಮಾಡಿದರು.

ಆಮೇಲೆ ಆದದ್ದನ್ನು ಯಾವ ಸಮಿತಿಯೂ ಊಹಿಸಿರಲಿಲ್ಲ. ವಿಜಯಗೋಪುರದ ತಿರುವಿಗೆ ಕಾರುಗಳು ಬರುವುದು ಹೆಚ್ಚಾಯಿತು. ಅರಮನೆಯ ಗಾಯಕರ ಕಂಠ ಬಹಳ ಇಂಪಾಗಿತ್ತು. ಮನೆಯಲ್ಲಿ ಹೆಂಡತಿ ಮಕ್ಕಳು ಒಂದು ಬಿರುದನ್ನೂ ಹೇಳದ ಮಹನೀಯರೆಲ್ಲ ಸಂಜೆಯಾದರೆ ಕಾರು ಹತ್ತಿ ತಿರುವಿಗೆ ಬರತೊಡಗಿದರು. ಹೆಚ್ಚು ಮೊಪೆಡ್ಡು ಓಡಾಡುವ ರಸ್ತೆ ಅದೇ ತಾನೇ? ಒಂದು ಸುತ್ತು ಬಂದರೆ ಒಂದು ಬಿರುದಾವಳಿ, ಎರಡು ಸುತ್ತಿಗೆ ಎರಡು. ಯಾರೂ ಅದನ್ನು ಎಚ್ಚರಿಕೆ ಎಂದು ಕೇಳಿಸಿಕೊಳ್ಳುತ್ತಿರಲಿಲ್ಲ. ಬಿರುದಾವಳಿಯ ನಡುವೆ ಬ್ರೇಕು ಒತ್ತುವುದು ಅಪಶಕುನ ಎಂಬ ಮಾತೂ ಹುಟ್ಟಿಕೊಂಡಿತು. ದಂಡಾಯುಧಯ್ಯನವರಂತೂ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ, ತಲೆದೂಗುತ್ತ, ಇಪ್ಪತ್ತೊಂದೂ ಮುಗಿಯುವವರೆಗೆ ತಾಳ ಹಾಕುತ್ತಿದ್ದರು.

ಮೊದಲ ವಾರದಲ್ಲೇ ಮೂವರು ಬಿದ್ದರು. ತಾಯಮ್ಮನಿಗೆ ಅನ್ನ ಸೇರದಾಯಿತು. ತನ್ನ ಕೈಯಾರೆ ಮಾಡಿದ ವಸ್ತು ಹೀಗೆ ಹಾಡು ಹೇಳುತ್ತ ಜನರನ್ನು ಕೆಡವುವುದನ್ನು ನೋಡಿ ಅವಳಿಗೆ ನಾಚಿಕೆಯೂ ಆಯಿತು, ಹೊಟ್ಟೆಯುರಿಯೂ ಆಯಿತು. ಶಟರು ಎಳೆದುಕೊಂಡು ಕೂತು, ಕಾನೂನು ಮುರಿದು, ಜವರಪ್ಪನ ಪೆಟ್ಟಿಗೆಯಿಂದ ಬಿರುದುಗಳನ್ನೆಲ್ಲ ಕಿತ್ತುಹಾಕಿದಳು. ಆದರೆ ಅದರಿಂದ ಏನೂ ಆಗಲಿಲ್ಲ. ಮೊಪೆಡ್ಡು ಎಷ್ಟು 'ಪೀಂ' ಎಂದರೂ ಕಾರುಗಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹೊಸ ಸಂಹಿತೆಯ ಕಾರುಗಳು ಅಂಥ ಪೆಟ್ಟಿಗೆಗೆ ತಮ್ಮ ಇರವನ್ನೂ ತಿಳಿಸುತ್ತಿರಲಿಲ್ಲವಾಗಿ ಹ್ಯಾಂಡಲ್ಲೂ ನಡುಗಲಿಲ್ಲ. ಬಿರುದುಗಳನ್ನು ಮತ್ತೆ ತುಂಬಿದಳು. ಹದಿನೆಂಟು ಸೆಕೆಂಡಾದರೂ ಕಾರಿನವರು ಯಾರಾದರೂ ಕೇಳಿಸಿಕೊಂಡು ಬ್ರೇಕು ಒತ್ತಲಿ ಎಂದು.

"ನಾಕು ದಿನ ಬನ್ನು ಹಾಕ್ಬ್ಯಾಡ" ಎಂದಳು ಗಂಡನಿಗೆ. "ಮಿಕ್ಕೋರಿಗೆ ನಾನೇ ಗೋಪುರದ ತಾವ ನಿಂತ್ಕೊಂಡು ಕೂಗ್ತೀನಿ. ಅಷ್ಟ್ರಲ್ಲಿ ಪೆಟ್ಟಿಗೆಗೊಂದು ದಾರಿ ಮಾಡ್ತೀನಿ."

"ನೀ ನಿಂತ್ಕೊಂಡು ಕೂಗುದ್ರೆ ಗ್ಯಾರೇಜು ಯಾರು ನೋಡ್ತಾರೆ? ಆಸ್ಪತ್ರೆ ಮುಂದ್ಲ ಅಂಗ್ಡಿಗೆ ಬ್ರೆಡ್ಡು ಹೋಗ್ದಿದ್ರೆ ಕಾಯಿಲೆಯವ್ರು ಏನ್ ತಿಂದಾರು?" ಜವರಪ್ಪ ಡಬ್ಬದ ಹಗ್ಗ ಬಿಗಿದ. "ನಿಧಾನಕ್ಕೆ ಹೋಯ್ತೀನಿ ಕಣಮ್ಮಿ. ಹೆದರ್ಬ್ಯಾಡ."

ಅವನು ನಿಧಾನಕ್ಕೇ ಹೋದ. ಆ ಹೊತ್ತಿಗೆ ಆಚೆಯಿಂದ ದಂಡಾಯುಧಯ್ಯನವರ ಕಾರು ಅಂದಿನ ಏಳನೆಯ ಸುತ್ತಿನಲ್ಲಿತ್ತು. ಪೆಟ್ಟಿಗೆ ಕಾರನ್ನು ಮುನ್ನೂರು ಗಜದಿಂದಲೇ, ಒಂದು ಚೂರೂ ತಡವಿಲ್ಲದೆ, ಗುರುತು ಹಿಡಿಯಿತು. ತಾಯಮ್ಮನ ಕೆಲಸದಲ್ಲಿ ಕುಂದಿರಲಿಲ್ಲ. ಕಾರಿನೊಳಗೆ ಸುಶ್ರಾವ್ಯವಾಗಿ ಶುರುವಾಯಿತು: ಕಡತಕಂಠೀರವ, ಸಭಾಭೂಷಣ, ಮೀಟಿಂಗ್ ಮಾರ್ತಾಂಡ, ರಿಬ್ಬನ್‌ಛೇದನ ಧುರಂಧರ... ಮಂತ್ರಿಗಳು ತಾಳ ಹಾಕಿದರು. ಚಾಲಕ ವೇಗ ತಗ್ಗಿಸಲಿಲ್ಲ. ಹದಿನಾಲ್ಕನೆಯ ಬಿರುದು 'ಟೆಂಡರ್ ತ್ರಿವಿಕ್ರಮ'. ಅದು ಮುಗಿಯಿತು. ಹದಿನೈದನೆಯದು ಶುರುವಾಗಲಿಲ್ಲ.

ಗ್ಯಾರೇಜಿನಲ್ಲಿ ತಾಯಮ್ಮನ ಸ್ಪ್ಯಾನರ್ ನಿಂತಿತ್ತು. ಮೊಪೆಡ್ಡಿನ ಸದ್ದು ಆಚೆ ದಾಟಲೇ ಇಲ್ಲ. ಅವಳು ಓಡಿದಳು. ರಸ್ತೆಯ ತುಂಬ ಬನ್ನು. ಜವರಪ್ಪ ಗೋಪುರದ ಬುಡದಲ್ಲಿ ಕೂತಿದ್ದ. ಅವಳನ್ನು ನೋಡಿ, "ಹ್ಯಾಂಡ್ಲು ಜುಮ್ಮನ್ಲೇ ಇಲ್ಲ ಕಣಮ್ಮಿ" ಎಂದ. ಡಾಕ್ಟರು ಹೇಳಿದ ಮಾತು ತಪ್ಪಲಿಲ್ಲ. ಆ ಸಂಜೆಯೇ ಎಡಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆದರು. ತಾಯಮ್ಮ ಆಸ್ಪತ್ರೆಯ ಜಗಲಿಯಲ್ಲಿ ಗ್ರೀಸು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ವಿಚಾರಣೆ ನಡೆಯಿತು. ಮರ್ಯಾದಾವತಿಯಲ್ಲಿ ವಿಚಾರಣೆ ತಪ್ಪುವುದಿಲ್ಲ. ಅಪಘಾತವೆಂದರೆ ಎಚ್ಚರಿಕೆಯಿಲ್ಲದೆ ಸಂಭವಿಸುವುದು. ಈ ಪ್ರಕರಣದಲ್ಲಿ ಎಚ್ಚರಿಕೆ ವಿಧಿವತ್ತಾಗಿ ಆರಂಭವಾಗಿ ಪ್ರಗತಿಯಲ್ಲಿತ್ತು. ಆದುದರಿಂದ ಇದು ಅಪಘಾತವಲ್ಲ, 'ಅಪೂರ್ಣ ಸಂವಾದ' ಎಂದು ತೀರ್ಪಾಯಿತು. ಹಿಂದಿನ ಮೂವರದೂ ಅದೇ. ಹೀಗೆ ನೋಡಿದಾಗ ವಿನಯಯಂತ್ರ ಬಂದಂದಿನಿಂದ ರಾಜ್ಯದಲ್ಲಿ ಒಂದೇ ಒಂದು ಬೈಕ್ ಅಪಘಾತ ಆಗಿಲ್ಲವೆಂಬ ಸಂಗತಿ ಬೆಳಕಿಗೆ ಬಂದು, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸದರಿ ಜವರಪ್ಪನ ಮೇಲೆ ಮಾತ್ರ ಒಂದು ಆರೋಪ ಉಳಿಯಿತು. ಅರಿಕೆ ಮುಗಿಯುವ ಮೊದಲೇ ಮಂತ್ರಿಗಳ ಕಾರನ್ನು ಮುಟ್ಟಿದ್ದ. ಮಹಾರಾಜರು ಕರುಣಾಳುಗಳು, ಸೆರೆಮನೆ ಬೇಡವೆಂದರು. ಹೇಳದೆ ಉಳಿಸಿದ ಏಳು ಬಿರುದುಗಳನ್ನು ಆ ಕಾರಿನ ಮುಂದೆ, ತುಂಬಿದ ಸಭೆಯಲ್ಲಿ, ನಿಂತು ಹೇಳಿ ಮುಗಿಸಿದರೆ ಸಾಕು ಎಂದರು.

ಅಪಘಾತಮುಕ್ತ ರಾಜ್ಯದ ಘೋಷಣೆಯೂ ಅದೇ ದಿನ, ಅದೇ ಪೆಂಡಾಲಿನಲ್ಲಿ. ತೋರಣ ಕಟ್ಟಿದ್ದರು, ಎಲ್ಲ ಸವಾರರೂ ಬರಬೇಕೆಂದು ಸುತ್ತೋಲೆ ಹೋಗಿತ್ತು. ಊರುಗೋಲಿನ ಸವಾರರಿಗೆ ಮುಂದಿನ ಸಾಲು ಮೀಸಲಾಗಿತ್ತು, ಅದು ತುಂಬಿತ್ತು. ಜವರಪ್ಪನಿಗೆ ಊರುಗೋಲು ಇನ್ನೂ ಒಗ್ಗಿರಲಿಲ್ಲ. ತಾಯಮ್ಮನ ಹೆಗಲ ಮೇಲೆ ಕೈ ಹಾಕಿ ಒಂಟಿಕಾಲಲ್ಲಿ ನಿಂತ. ವಾಗೀಶಪ್ಪನವರು ಮೆಲ್ಲಗೆ ಒಂದೊಂದೇ ಹೇಳಿಕೊಟ್ಟರು, ಅವನು ಒಂದೊಂದೇ ಒಪ್ಪಿಸಿದ. ಐದನೆಯದಕ್ಕೆ ಅವನ ಕಾಲು ನಡುಗಲು ಶುರುವಾಯಿತು.

"ಸಾಕು ಬುದ್ಧಿ, ನಿಂತ್ಕಳಕಾಯ್ತಾ ಇಲ್ಲ ಅವ್ರಿಗೆ" ಎಂದಳು ತಾಯಮ್ಮ, ಯಾರ ಬಿರುದನ್ನೂ ಹೇಳದೆ.

ಬಿರುದು ಹೇಳದ ಮಾತಾದ್ದರಿಂದ ಅದು ಯಾರಿಗೂ ಕೇಳಿಸಲಿಲ್ಲ. ಜವರಪ್ಪ ಆರನೆಯದನ್ನು ಹೇಳಿದ, ಏಳನೆಯದನ್ನೂ ಹೇಳಿದ. ಕೂರಲು ಕುರ್ಚಿಗಾಗಿ ಹಿಂದೆ ನೋಡಿದ.

"ಇನ್ನೊಂದಿದೆ" ಎಂದರು ವಾಗೀಶಪ್ಪನವರು, ತಲೆ ತಗ್ಗಿಸಿ. "ಮಹಾಪ್ರಭುಗಳು ಈಗತಾನೇ ದಯಪಾಲಿಸಿದ್ದು. ಇಪ್ಪತ್ತೆರಡನೆಯದು."

ವೇದಿಕೆಯ ಮೇಲೆ ಮಹಾರಾಜರು ದಂಡಾಯುಧಯ್ಯನವರ ತಲೆಗೆ ಪೇಟ ಸುತ್ತುತ್ತಿದ್ದರು. ಜವರಪ್ಪ ಹೆಂಡತಿಯ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡು, ಹೇಳಿಕೊಟ್ಟಂತೆ, ತುಂಡು ತುಂಡಾಗಿ ಹೇಳಿದ. "ದ್ವಿಚಕ್ರ... ಪ್ರಜಾ... ಪ್ರಾಣ... ರಕ್ಷಕ."

ಕರತಾಡನ ಬಹಳ ಹೊತ್ತು ನಡೆಯಿತು. ರಾಜ್ಯದ ಅಷ್ಟೂ ಪೆಟ್ಟಿಗೆಗಳಿಗೆ ಹೊಸ ಬಿರುದನ್ನು ನಾಳೆ ಬೆಳಗಾಗುವುದರೊಳಗೆ ಸೇರಿಸಬೇಕೆಂಬ ಆಜ್ಞೆಯನ್ನು ತಾಯಮ್ಮನ ಕೈಗೆ ಅಲ್ಲೇ ಕೊಟ್ಟರು. ಅಂದಿನಿಂದ ಮಂತ್ರಿಗಳ ಕಾರಿಗೆ ಎಚ್ಚರಿಕೆ ಮುಟ್ಟಲು ಮೂವತ್ತು ಸೆಕೆಂಡು ಹಿಡಿಯುತ್ತದೆ. ಕಾರು ಮುಟ್ಟುವುದಕ್ಕೆ ಮೊದಲಿನಂತೆ ಹದಿನೆಂಟೇ.